ಹೊಕ್ಕುಳಿಗೆ ಹಚ್ಚದ ಬೂದಿ

ಹೈದರಾಬಾದ್, ೨೦೦೩

ಹೊಟ್ಟೆಯೊಳಗಿಂದಲೇ ಒದೆಯುತ್ತಿರುವ ನನ್ನ ಪುಟಾಣಿಗೆ,

ನೀನಿನ್ನೂ ಹೊರಗೆ ಬಂದಿಲ್ಲ, ಆಗಲೇ ನಿನ್ನ ಹೊಕ್ಕುಳಿನ ವಿಷಯಕ್ಕೆ ಮನೆಯಲ್ಲಿ ಜಗಳವಾಗಿದೆ. ನಿನ್ನಜ್ಜಿ ಗದಿಗೆಮ್ಮ, ಅಂದರೆ ನನ್ನ ಅವ್ವ, ಬಾಣಂತನಕ್ಕೆಂದು ಯಾದಗಿರಿಯಿಂದ ಬಂದಿದ್ದಾಳೆ. ನಾಂಪಲ್ಲಿಯಲ್ಲಿ ರೈಲಿಳಿದಾಗ ಅವಳ ಸೆರಗಿನ ಗಂಟಿನಲ್ಲಿ ಸಗಣಿ ಬೂದಿ ಇತ್ತು. "ಹೊಕ್ಕಳಾ ಕೊಯ್ದ ಮ್ಯಾಲ ಇದನ್ನ ಹಚ್ಚಬೇಕು. ನಿನಗೂ ಹಚ್ಚೀನಿ, ಗುಂಡಕಲ್ಲಿನಂಗ ಅದಿಯಲ್ಲ?" ಎಂದಳು.

ನಾನು ಸುಮ್ಮನಿರುವವಳಲ್ಲ. ಬೇಗಂಪೇಟೆಯ ನಮ್ಮ ಆಫೀಸಿನಲ್ಲಿ ಪಕ್ಕದವರೆಲ್ಲ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತಾರೆ, ನಾನು ಔಷಧ ಕಂಪನಿಗಳಿಗೆ ಪ್ರೊಟೀನುಗಳ ಆಕಾರ ಬಿಡಿಸುತ್ತೇನೆ. ಲ್ಯಾಪ್‌ಟಾಪ್ ತಂದು, ಸಗಣಿ ಬೂದಿಯಿಂದ ಹಸಿ ಹೊಕ್ಕುಳಿಗೆ ಹತ್ತಬಹುದಾದ ಧನುರ್ವಾಯುವಿನ ವಿಷವನ್ನೇ ಅವ್ವನಿಗೆ ತೋರಿಸಿದೆ.

ಎಂಥ ಚಂದದ ವಿಷ ಅದು! ಪ್ರೊಟೀನಿನ ಒಂದೇ ಉದ್ದನೆಯ ದಾರ, ಮೂರು ಮಡಿಕೆ. ಒಂದು ಭಾಗ ನರವನ್ನು ಗುರುತು ಹಿಡಿಯುತ್ತದೆ, ಇನ್ನೊಂದು ಬಾಗಿಲು ತೆರೆಯುತ್ತದೆ, ಮೂರನೆಯದು ಒಳಹೊಕ್ಕು ಕತ್ತರಿಯಾಡಿಸುತ್ತದೆ. ಸ್ನಾಯುಗಳಿಗೆ 'ಸಾಕು, ಸಡಿಲಾಗು' ಎಂಬ ಸುದ್ದಿಯೇ ತಲುಪದೆ ಮೈ ಸೆಟೆಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಕೆಟ್ಟ ಆಹಾರದಲ್ಲಿ ಹುಟ್ಟುವ ಇನ್ನೊಂದು ವಿಷ ಇದರ ಒಡಹುಟ್ಟಿದ್ದು. ಕತ್ತರಿ ಅಂಥದೇ, ಆದರೆ ಅದು ಮೈಯನ್ನು ಸಡಿಲು ಮಾಡಿ ಕೊಲ್ಲುತ್ತದೆ. ಇವೆರಡರ ಮುತ್ತಜ್ಜಿ ಯಾರು? ಮಣ್ಣಿನಲ್ಲಿ, ಸಗಣಿಯಲ್ಲಿ ತಣ್ಣಗೆ ಮಲಗಿರುವ ಜೀವಿಗೆ ನಮ್ಮ ನರದ ಗುರುತು ಹೇಗೆ ಸಿಕ್ಕಿತು? ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹೇಳುತ್ತ ಹೇಳುತ್ತ ನಾನು ಮೈಮರೆತಿದ್ದೆ.

"ಇದು ಹತ್ತಿದ ಕೂಸು ಬಾಯಿ ಕಚ್ಕೊಂಡು, ಮೊಲಿ ಹಿಡಿಯಂಗಿಲ್ಲೇನು?" ಎಂದು ಅವ್ವ ಕೇಳಿದಳು.

ನನಗಿಂತ ಮೊದಲು ಒಂದು ಹೆಣ್ಣು ಕೂಸು ಹುಟ್ಟಿತ್ತಂತೆ. ಹೆಸರಿಡುವ ಮೊದಲೇ ಹಾಗೆ ಸೆಟೆದು ಹೋಯಿತಂತೆ. ನನಗೆ ಈವರೆಗೆ ಯಾರೂ ಹೇಳಿರಲಿಲ್ಲ. ಬೂದಿ ಹಚ್ಚಿದ ಕೈ ಯಾರದೆಂದು ನಾನು ಕೇಳಲಿಲ್ಲ. ಅವ್ವ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಯಾಕಾದರೂ ತೋರಿಸಿದೆನೋ ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿದೆ.

"ಆ ವಿಷಕ್ಕ ನನ್ನ ಕೂಸಿನ ಮ್ಯಾಲ ಏನ್ ಸಿಟ್ಟಿತ್ತು?" ಎಂದಳು.

"ಸಿಟ್ಟಿಲ್ಲ ಯವ್ವಾ. ಕೂಸು ಅಂದ್ರ ಏನಂತನೂ ಅದಕ್ಕ ಗೊತ್ತಿಲ್ಲ," ಎಂದೆ. ಕೂಸನ್ನು ಕೊಂದು ಆ ಜೀವಿಗೆ ಆಗುವ ಲಾಭವೇನು ಎಂದು ನಾವೂ ಇನ್ನೂ ಹುಡುಕುತ್ತಲೇ ಇದ್ದೇವೆ.

ಇವತ್ತು ಬೆಳಿಗ್ಗೆ ಅವ್ವ ಅದೇ ಬೂದಿಯಿಂದ ಹಾಲಿನ ಪಾತ್ರೆ ತಿಕ್ಕುತ್ತಿದ್ದಳು. ತಲೆಯೆತ್ತದೆಯೇ, "ಹೆಣ್ಣಾದ್ರ ಹೆಸರು ನಾನು ಇಡ್ತೀನಿ. ಒಂದು ಹೆಸರು ಹಂಗೇ ಉಳದೈತಿ," ಎಂದಳು.

ನಿನ್ನ ಹೊಕ್ಕುಳು ಬರಿದಾಗಿಯೇ ಒಣಗಲಿ, ಕಂದ. ತೊಟ್ಟಿಲಿಗೆ ಹಾಕುವ ದಿನ ಅಜ್ಜಿಯ ತೊಡೆಯ ಮೇಲೆ ಬಾಯಿ ಅಗಲವಾಗಿ ತೆರೆದು ಅಳು.

ನಿನ್ನ ದಾರಿ ಕಾಯುತ್ತಿರುವ ಅಮ್ಮ,
ಸುಮಂಗಲಾ