ತಂಗಿಯ ರಕ್ತನಾಳಕ್ಕೆ ದಾನಿ ಯಾರು?

ಅಂಗಾಂಶ ಚಿಕಿತ್ಸಾ ಪರಿಶೀಲನಾ ಸಮಿತಿಯ ಅಧ್ಯಕ್ಷರೇ,

ನನ್ನ ತಂಗಿಯ ಜೀವಕೋಶಗಳಿಂದಲೇ ಬೆಳೆಸಿದ ರಕ್ತನಾಳವನ್ನು ಅವಳ ತೋಳಿಗೆ ಜೋಡಿಸಲು ತಮ್ಮ ಸಮಿತಿ ಬಿಡಲಿಲ್ಲ. ತಾವು ಯೋಚಿಸುತ್ತ ಕುಳಿತಿದ್ದಾಗಲೇ ಅದು ಕೆಟ್ಟುಹೋಯಿತು. ಸಿಟ್ಟು ಇಳಿದ ಮೇಲೆ ಬರೆಯೋಣವೆಂದಿದ್ದೆ. ಇಳಿಯುವ ಲಕ್ಷಣ ಕಾಣಲಿಲ್ಲ.

ತಂಗಿ ಬಸ್ ಓಡಿಸುತ್ತಿದ್ದವಳು. ಮೂತ್ರಪಿಂಡಗಳು ಕೈಕೊಟ್ಟು ಡಯಾಲಿಸಿಸ್ ಹಿಡಿದಳು. ಸೂಜಿ ಚುಚ್ಚಿ ಚುಚ್ಚಿ ಎರಡೂ ತೋಳುಗಳ ನಾಳಗಳು ಹಾಳಾದವು; ಬದಲಿಗೆ ಹಾಕಿದ ಪ್ಲಾಸ್ಟಿಕ್ ನಾಳವೂ ಕಟ್ಟಿಕೊಂಡಿತು. ಡಯಾಲಿಸಿಸ್‌ಗೆ ಉಳಿದದ್ದು ಕುತ್ತಿಗೆಯ ನಾಳದೊಳಗೆ ಇಳಿಸಿದ ಕೊಳವೆ. ಆಗ ಅವಳ ಶಸ್ತ್ರವೈದ್ಯೆ ಹೊಸ ದಾರಿ ಹೇಳಿದರು. ಅವಳ ಚರ್ಮದ ಚೂರು ತೆಗೆದು, ಅದರ ಜೀವಕೋಶಗಳನ್ನು ಯಾವ ಅಂಗಾಂಶವಾಗಿಯೂ ಬೆಳೆಯಬಲ್ಲ ಕಾಂಡಕೋಶಗಳಾಗಿ ಮಾರ್ಪಡಿಸಿ, ಅವುಗಳಿಂದ ನಾಳದ ಕೋಶಗಳನ್ನು ಪಡೆದು, ತಾನಾಗಿ ಕರಗುವ ತೆಳು ಹಂದರದ ಮೇಲೆ ಬೆಳೆಸುವುದು. ಬೆಳೆಸಿಯೂಬಿಟ್ಟರು! ಪ್ರಯೋಗಾಲಯದ ಗಾಜಿನ ಪಾತ್ರೆಯೊಳಗೆ, ಪಂಪಿನ ಮಿಡಿತಕ್ಕೆ ಅದು ಉಬ್ಬುತ್ತ ಇಳಿಯುತ್ತ ಇತ್ತು.

"ಅಕ್ಕಾ, ನೋಡೇ, ನನಗಿಂತ ಆರೋಗ್ಯವಾಗಿದೆ. ಪುಣ್ಯಕ್ಕೆ ನಮ್ಮಪ್ಪನ ಮೂಗು ಬಂದಿಲ್ಲ," ಎಂದಳು. ಅವಳು ನಕ್ಕದ್ದನ್ನು ಕಂಡು ಎಷ್ಟು ಕಾಲವಾಗಿತ್ತೋ.

ಆಮೇಲೆ ತಾವು ಬಂದಿರಿ. ಇದು ಔಷಧವೋ, ಉಪಕರಣವೋ, ಅಂಗವೋ? ಔಷಧದವರು ಇದನ್ನು ನುಂಗಲಾಗದೆಂದು ಕೈತೊಳೆದುಕೊಂಡರು. ಉಪಕರಣದವರು ಇದಕ್ಕೆ ಜೀವವಿದೆಯೆಂದು ಬೆಚ್ಚಿಬಿದ್ದರು. ಕೊನೆಗೆ ಅಂಗವೆಂದು ತೀರ್ಮಾನವಾಯಿತು. ಅಂಗವೆಂದಮೇಲೆ ದಾನಿ ಇರಲೇಬೇಕಲ್ಲ! ತಮ್ಮ ಎದುರಿನ ವಿಚಾರಣೆ ತಮಗೆ ಮರೆತಿರಬಹುದು, ನನಗೆ ಮರೆತಿಲ್ಲ.

"ದಾನಿ ಎಲ್ಲಿದ್ದಾರಮ್ಮಾ?" ಎಂದಿರಿ.

ತಂಗಿ ಎದ್ದು ಪಕ್ಕದ ಕುರ್ಚಿಯಲ್ಲಿ ಕುಳಿತಳು. "ಬಂದೆ ಸಾರ್."

"ತಮಾಷೆ ಬೇಡ. ರೋಗಿಗೂ ದಾನಿಗೂ ಏನು ಸಂಬಂಧ?"

"ತುಂಬಾ ಹತ್ತಿರದವರು ಸಾರ್. ಒಂದೇ ತಟ್ಟೇಲಿ ಊಟ ಮಾಡ್ತೀವಿ."

ತಮ್ಮ ಪಕ್ಕದ ಸದಸ್ಯರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ತಾವು ಮಾತ್ರ, ದಾನಿಯ ಮೇಲೆ ಯಾರೂ ಒತ್ತಡ ಹೇರಿಲ್ಲವೆಂದು ಖಚಿತವಾಗಬೇಕು ಎಂದು ಸಭೆ ಮುಂದೂಡಿದಿರಿ. ಮತ್ತೆ ಮುಂದೂಡಿದಿರಿ. ಒತ್ತಡ ಹೇರಿದ್ದು ಅವಳ ಕಾಯಿಲೆ, ಸ್ವಾಮಿ. ಅದಕ್ಕೆ ನೋಟಿಸ್ ಕೊಡುತ್ತೀರಾ?

ಅಷ್ಟರಲ್ಲಿ ಕುತ್ತಿಗೆಯ ಕೊಳವೆಗೆ ಸೋಂಕು ತಗುಲಿತು. ಮೂರು ಕಂಬಳಿ ಹೊದಿಸಿದರೂ ತಂಗಿ ಹಲ್ಲು ಕಟಕಟಿಸುತ್ತ ನಡುಗುತ್ತಿದ್ದಳು. ಅವಳು ವಾರ್ಡಿನಲ್ಲಿದ್ದಾಗಲೇ ವೈದ್ಯೆ ನನ್ನನ್ನು ಹೊರಗೆ ಕರೆದು, "ನಾಳ ಕೆಟ್ಟುಹೋಯ್ತು ಕಣ್ರೀ. ಇನ್ನು ಹಾಕಕ್ಕಾಗಲ್ಲ," ಎಂದು ಗೋಡೆಯ ಕಡೆ ತಿರುಗಿ ನಿಂತರು.

ಜ್ವರ ಬಿಟ್ಟ ಮೇಲೆ ತಂಗಿಗೆ ಹೇಳಿದೆ.

"ಏನ್ ಮಾಡಿದ್ರು ಅದನ್ನ?"

"ಸುಟ್ರಂತೆ ಕಣೇ."

"ಒಂದ್ಮಾತು ಹೇಳಿದ್ರೆ ನಾನೂ ಹೋಗಿ ನಿಂತ್ಕೋತಿದ್ನಲ್ಲ," ಎಂದು ಮಗ್ಗುಲಾದಳು. ಇದಕ್ಕೆ ನಗಬೇಕೋ ಅಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ವೈದ್ಯೆ ಇನ್ನೊಂದು ನಾಳ ಬೆಳೆಸುತ್ತಿದ್ದಾರೆ. ಕಣ್ಣುಮುಚ್ಚಿ ಸಹಿ ಹಾಕಿ ಎಂದು ನಾನು ಕೇಳುತ್ತಿಲ್ಲ. ಹೊಸ ಚಿಕಿತ್ಸೆ, ಪರೀಕ್ಷಿಸಿ, ತಜ್ಞರನ್ನು ಕೂರಿಸಿ, ಅಪಾಯವಿದ್ದರೆ ಅವಳ ಮುಖಕ್ಕೇ ಹೇಳಿ. ಆದರೆ ನಾಳ ಸಿದ್ಧವಾಗುವ ಮೊದಲೇ ಸಭೆ ಸೇರಿ, ಹೌದು ಅಥವಾ ಇಲ್ಲ ಎಂದು ಬರೆದುಕೊಡಿ. ಮುಂದೂಡಿದರೆ ಯಾರಿಗೂ ಹಾನಿಯಿಲ್ಲವೆಂದು ತಾವು ನಂಬಿರುವಂತಿದೆ. ಮುಂದಿನ ಸೋಂಕು ತಮ್ಮ ಸಭೆಯ ದಿನಾಂಕ ಕೇಳಿಕೊಂಡು ಬರುವುದಿಲ್ಲ.

ಇಂತಿ,
ತಮ್ಮ ಕಚೇರಿಯ ಬೆಂಚು ಸವೆಸಿದ
ಅಕ್ಕ