ಮೊದಲೇ ಒತ್ತಿಟ್ಟ ‘ಎಲ್ಲವೂ ಸಹಜ’

ಆಸ್ಪತ್ರೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಸ್ಕ್ಯಾನಿಂಗ್ ಕೋಣೆಯಲ್ಲಿ ದಿನಾ ಬೆಳಿಗ್ಗೆ, ಒಬ್ಬ ಗರ್ಭಿಣಿಯೂ ಒಳಗೆ ಕಾಲಿಡುವ ಮೊದಲು, ನೂರು ಖಾಲಿ ವರದಿಗಳ ಮೇಲೆ ‘ಎಲ್ಲವೂ ಸಹಜ’ ಎಂಬ ಮೊಹರು ಬೀಳುತ್ತದೆ. ಆ ಮೊಹರಿನಡಿ ಸಿಕ್ಕಿ ನನ್ನ ಮಗಳ ಮಗು ಸತ್ತಿತು. ನಿನಗೆ ಹೇಗೆ ಗೊತ್ತು ಎನ್ನುವಿರಾ? ಆ ಮೊಹರನ್ನು ಕೆತ್ತಿದವನು ನಾನೇ ಸ್ವಾಮಿ.

ಎರಡು ವರ್ಷದ ಹಿಂದೆ ನಿಮ್ಮ ಗುಮಾಸ್ತರು ನನ್ನ ಅಂಗಡಿಗೆ ಬಂದಿದ್ದರು. ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಗೂಡು. ನಾನು ಮತ್ತು ನನ್ನ ರಬ್ಬರು ಸರದಿಯಲ್ಲಿ ಉಸಿರಾಡಬೇಕು.

“ಅಕ್ಷರ ದಪ್ಪ ಇರ್ಲಿ ಯಜಮಾನ್ರೇ, ದೂರದಿಂದ್ಲೇ ಕಾಣ್ಬೇಕು. ನೂರಕ್ಕೆ ತೊಂಬತ್ತೈದು ಸರಿಯಾಗೇ ಇರ್ತವೆ, ಮೊದಲೇ ಒತ್ತಿಟ್ರೆ ಕೆಲ್ಸ ಹಗುರ.”

“ಉಳಿದ ಐದು?”

“ಅದನ್ನ ಡಾಕ್ಟ್ರು ಕೆಳಗೆ ಬರೀತಾರೆ ಬಿಡಿ. ಓದೋಕೆ ಯಾರಿಗಿದೆ ಪುರುಸೊತ್ತು!”

ಅವರು ನಕ್ಕರು. ನಾನೂ ನಕ್ಕೆ.

ನನ್ನ ಮಗಳು ಶಿಶುವಿಹಾರದಲ್ಲಿ ಪುಟಾಣಿಗಳನ್ನು ನೋಡಿಕೊಳ್ಳುವವಳು. ಅವಳ ಬಸಿರಿಗೆ ನಾಲ್ಕು ತಿಂಗಳಾಗಿದ್ದಾಗ ಅಲ್ಲಿ ಕೆನ್ನೆ ಕೆಂಪಾಗುವ ಜ್ವರ ಹಬ್ಬಿತು. “ಯಾರೋ ಸಾಲಾಗಿ ನಿಲ್ಲಿಸಿ ಕೆನ್ನೆಗೆ ಬಾರಿಸಿದ ಹಾಗಿದಾರಪ್ಪ,” ಎಂದು ನಗುತ್ತಿದ್ದಳು. ಅವಳಿಗೂ ಎರಡು ದಿನ ಮೈ ಬಿಸಿಯಾಯಿತು. ತಿಂಗಳು ಕಳೆದು ನಿಮ್ಮಲ್ಲಿಗೆ ಬಂದೆವು. ನಿಮ್ಮ ಡಾಕ್ಟರು ಸರಿಯಾಗಿಯೇ ಕಂಡರು, ಸರಿಯಾಗಿಯೇ ಬರೆದರು: ‘ಮಗುವಿನ ಹೊಟ್ಟೆಯಲ್ಲಿ ನೀರು ತುಂಬಿದೆ. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಿ.’ ಬರೆದದ್ದೆಲ್ಲಿ? ನನ್ನ ದಪ್ಪಕ್ಷರ ಬಿಟ್ಟುಕೊಟ್ಟ ಜಾಗದಲ್ಲಿ, ಇರುವೆ ಸಾಲಿನಷ್ಟು ಸಣ್ಣದಾಗಿ. ಬಾಯಲ್ಲಿ ಹೇಳುವುದು ಹೊರಗಿನ ಮೇಜಿನವರ ಕೆಲಸವಂತೆ.

ಹೊರಗಿನ ಮೇಜಿನ ಹಿಂದಿದ್ದ ನರ್ಸಮ್ಮ ಮೊಹರು ನೋಡಿದರು. “ಎಲ್ಲಾ ಚೆನ್ನಾಗಿದೆ ಕಣಮ್ಮ, ಎರಡು ತಿಂಗಳು ಬಿಟ್ಟು ಬಾ.” ತಿರುಗುಮುರುಗಾದ ಅಕ್ಷರ ಓದುವುದೇ ನನ್ನ ಕಸುಬು, ಮೇಜಿನ ಈಚೆಯಿಂದ ನಾನೂ ಮೊಹರು ನೋಡಿದೆ. “ನೋಡು ಮಗಳೇ, ನಾನು ಕೆತ್ತಿದ್ದು!” ಎಂದು ಮೆರೆದೆ. ಅದರ ಕೆಳಗೆ ನೋಡಲಿಲ್ಲ. ವರದಿ ಕಪಾಟು ಸೇರಿತು. ರೋಗಿಯ ಕೈಗೆ ಕಾಗದ ಕೊಡುವ ಕೆಟ್ಟ ಚಾಳಿ ನಿಮಗಿಲ್ಲವಲ್ಲ.

ಐದು ವಾರದ ನಂತರ ಮಗುವಿನ ಅಲುಗಾಟ ನಿಂತಿತು. ಓಡಿಹೋಗಿ ಸೇರಿಸಿದ ದೊಡ್ಡ ಆಸ್ಪತ್ರೆಯವರು ನಿಮ್ಮಿಂದ ಕಡತ ತರಿಸಿದಾಗಲೇ ಆ ಇರುವೆ ಸಾಲು ನಮ್ಮ ಕಣ್ಣಿಗೆ ಬಿದ್ದದ್ದು. ಅಲ್ಲಿನ ಡಾಕ್ಟರಮ್ಮ ಕೂರಿಸಿಕೊಂಡು ವಿವರಿಸಿದರು. ಹೊಟ್ಟೆಯ ನೀರು ತಾನೇ ಒಂದು ರೋಗವಲ್ಲ, ಒಳಗೇನೋ ಕೆಟ್ಟಿದೆ ಎಂಬ ಸೂಚನೆ. ಮಗುವಿನ ಮೂತ್ರದ ದಾರಿ ಕಟ್ಟಿರಬಹುದು, ಕರುಳು ತೂತಾಗಿರಬಹುದು, ಹೃದಯ ಸೋತಿರಬಹುದು, ತಾಯಿಯಿಂದ ಸೋಂಕು ದಾಟಿರಬಹುದು. ಕೆಲವು ಮಕ್ಕಳಲ್ಲಿ ಅದು ತಾನಾಗಿಯೇ ಇಂಗಿ, ಮಗು ಚೆನ್ನಾಗಿಯೇ ಹುಟ್ಟುತ್ತದೆ. ಎದೆಗೂ ಚರ್ಮಕ್ಕೂ ಹಬ್ಬಿದರೆ ಉಳಿಯುವುದು ಕಷ್ಟ. ನಮ್ಮ ಮಗುವಿಗೆ ತಗುಲಿದ್ದು ಆ ಕೆಂಪು ಕೆನ್ನೆಯ ಸೋಂಕು; ಅದು ರಕ್ತವನ್ನೇ ಬತ್ತಿಸಿತ್ತು.

“ಆಗ್ಲೇ ಬಂದಿದ್ರೆ ಗರ್ಭದಲ್ಲೇ ಮಗುಗೆ ರಕ್ತ ಕೊಡ್ಬಹುದಿತ್ತು,” ಎಂದರು. “ಖಂಡಿತ ಉಳೀತಿತ್ತು ಅಂತ ಹೇಳಲ್ಲ. ಆದ್ರೆ ಒಂದು ಅವಕಾಶ ಇತ್ತು.”

ಆ ಅವಕಾಶ ಐದು ವಾರ ನಿಮ್ಮ ಕಪಾಟಿನಲ್ಲಿ ಮಲಗಿತ್ತು. ನಿಮಗೆ ನಿದ್ದೆ ಚೆನ್ನಾಗಿ ಬಂತೇ?

ಮನೆಗೆ ಬಂದ ಮಗಳು ಅಳಲಿಲ್ಲ. “ಅಪ್ಪಾ, ನಿನ್ನ ಸೀಲು ಇನ್ನೂ ಅಲ್ಲೇ ಇದೆಯಾ?” ಎಂದಷ್ಟೇ ಕೇಳಿದಳು. ಅಂದಿನಿಂದ, ಅದನ್ನು ತೆಗೆಯಿರಿ ಎಂದು ಮೂರು ಅರ್ಜಿ ಕೊಟ್ಟೆ. ಮೂರೂ ‘ಪರಿಶೀಲಿಸಲಾಗಿದೆ’ ಎಂಬ ಮೊಹರು ಹೊತ್ತು ವಾಪಸು ಬಂದವು. ಅದೂ ನನ್ನ ಕೆತ್ತನೆಯೇ! ನಿಮ್ಮ ಕಚೇರಿಯಲ್ಲಿ ನನ್ನ ರಬ್ಬರಿನ ಹೊರತು ಮಾತಾಡುವವರು ಯಾರೂ ಇಲ್ಲವೇ?

ನಿಮ್ಮ ಸಂತಾಪ ನನಗೆ ಬೇಡ. ಈ ಪತ್ರದ ಜೊತೆ ಹೊಸ ಮೊಹರೊಂದನ್ನು ಇಟ್ಟಿದ್ದೇನೆ: ‘ಓದದೆ ಮನೆಗೆ ಕಳಿಸಲಾಯಿತು.’ ಅಕ್ಷರ ಇನ್ನೂ ದಪ್ಪ. ಸೋಮವಾರ ಹತ್ತು ಗಂಟೆಗೆ, ಬೆಂಚಿನ ಮೇಲೆ ಕಾದಿರುವ ಗರ್ಭಿಣಿಯರೆಲ್ಲ ನೋಡುವಂತೆ, ನನ್ನ ಮಗಳ ವರದಿಯ ಮೇಲೆ ಅದನ್ನು ನಿಮ್ಮ ಕೈಯಾರೆ ಒತ್ತಿ ಸಹಿ ಹಾಕಿ. ಆಮೇಲೆ ‘ಎಲ್ಲವೂ ಸಹಜ’ ಮೊಹರನ್ನು ಅವಳ ಕೈಗೆ ಕೊಡಿ. ನಾನು ರಬ್ಬರು ಕೆತ್ತುವ ಕತ್ತಿಯನ್ನು ಅವಳೇ ತರುತ್ತಾಳೆ. ಅದನ್ನು ಅಕ್ಷರ ಅಕ್ಷರವಾಗಿ ಕೊಯ್ಯುವಾಗ ನೀವು ಕೊನೆಯ ಚೂರಿನವರೆಗೂ ನಿಂತು ನೋಡಬೇಕು.

ನೀವು ಬರಲಿಲ್ಲವೋ, ಮಂಗಳವಾರದಿಂದ ನಾನು ನಿಮ್ಮ ಗೇಟಿನಲ್ಲಿರುತ್ತೇನೆ. ಹೊರಬರುವ ಪ್ರತಿಯೊಬ್ಬಳನ್ನೂ ನಿಲ್ಲಿಸಿ ಕೇಳುತ್ತೇನೆ: “ಸೀಲಿನ ಕೆಳಗೇನು ಬರೆದಿದಾರೆ ತಾಯಿ? ವಾಪಸ್ ಹೋಗು, ಓದಿಸ್ಕೊಂಡೇ ಬಾ.”

ಇಂತಿ,
ತಾನು ಕೆತ್ತಿದ ಮೊಹರಿನ ಕೆಳಗಿನ ಸಾಲನ್ನು ತಾನೂ ಓದದ,
ಮೆಟ್ಟಿಲ ಕೆಳಗಿನ ಮೊಹರಿನವನು