ಬಾವಿಗೆ ಇಳಿದ ಎಣ್ಣೆ

ಅಂಕಲಿ
ಭಾನುವಾರ

ಕಸ್ತೂರೆವ್ವ ಕಾಕೂ ಅವರಿಗೆ ಮಲ್ಲೇಶನ ನಮಸ್ಕಾರಗಳು.

ನಿಮ್ಮ ಬಾವಿ ನೀರಿನ ಕೊನೆಯ ವರದಿ ಬಂದಿದೆ. ಡೀಸೆಲ್ ಇಲ್ಲ, ಸಾಬೂನಿನ ಅಂಶವೂ ಇಲ್ಲ, ಕುಡಿಯಬಹುದು ಎಂದು ಬರೆದಿದ್ದಾರೆ. ಎದುರಿಗೆ ಹೇಳಲು ಬಂದರೆ ನೀವು ಚಹಾ ಕೊಡುತ್ತೀರಿ, ಆಮೇಲೆ ನಾನು ಮಳೆ ಬೆಳೆ ಮಾತಾಡಿ ಎದ್ದು ಬರುತ್ತೇನೆ, ಅದಕ್ಕೇ ಈ ಪತ್ರ. ಬಾಯಿಮಾತಿನ ಬಲದಿಂದಲೇ ಗ್ಯಾರೇಜು ಕಟ್ಟಿದವನಿಗೆ ಅದು ಶೋಭೆಯಲ್ಲ.

ನನ್ನ ಗ್ಯಾರೇಜಿನ ಡೀಸೆಲ್ ಟಾಕಿ ಸೋರಿದ ದಿನ ಫೋನಿನಲ್ಲಿ "ಬಾವಿಗೆ ಎಣ್ಣಿ ಇಳದೈತ್ರಿ" ಎಂದೆ. ನೀವು ದ್ರಾಕ್ಷಿಗೆ ಹೊಡೆಯುವ ವಿಷದೆಣ್ಣೆ ಎಂದು ತಿಳಿದು, ಎಮ್ಮೆಗಳನ್ನು ಹಿಂದಕ್ಕೆಳೆದು ಪಂಪಿನ ಮನೆಗೆ ಕೀಲಿ ಹಾಕಿದಿರಿ. ಡೀಸೆಲ್ ಎಂದಿದ್ದರೆ "ಮ್ಯಾಲಿಂದು ತಗದ್ರಾತು ಬಿಡೋ" ಎಂದು ಎಮ್ಮೆಗಳಿಗೆ ಕುಡಿಸಿಬಿಡುತ್ತಿದ್ದಿರಿ. ನನ್ನ ಬಾಯಿ ತಪ್ಪಿ ಲಾಭವಾದದ್ದು ಅದೊಂದೇ ಸಲ.

ಕೆಟ್ಟ ಮಣ್ಣು-ನೀರು ಶುದ್ಧ ಮಾಡಲು ಬಂದ ನಿಪ್ಪಾಣಿಯ ಕೋಮಲ ಮೇಡಂ ಸಾಬೂನಿನಂಥ ದ್ರವವನ್ನು ನೀರಿಗೆ ಬೆರೆಸಿ ಮಣ್ಣಿಗೆ ಇಳಿಸಿದರು. ಮಣ್ಣಿಗೆ ಅಂಟಿದ್ದ ಡೀಸೆಲ್ ಬಿಟ್ಟುಕೊಂಡು ಬಾವಿಗೆ ಬಂತು. ಅದನ್ನೆಲ್ಲ ಎತ್ತಿ ಟ್ಯಾಂಕರಿಗೆ ತುಂಬಿದರು. ಬಾವಿ ತುಂಬ ನೊರೆ ಎದ್ದಾಗ ಊರವರು "ಇದ್ದ ಬಾವೀನೂ ಕೆಡಿಸ್ಯಾರ, ನಿಲ್ಲಸ್ರಿ" ಎಂದು ಕೂಗಿದರು. ನೀವು ಬೇಡ ಎಂದಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ನೀವು ಮಾತ್ರ "ಒಗ್ಯೂ ಅರಿವಿ ಸಾಬೂನಿನ್ಯಾಗ ನೆನಿ ಇಟ್ರ ಹೊಲಸು ಮ್ಯಾಲ ಬರೂದ. ನಡೀಲಿ ಬಿಡ್ರಿ" ಎಂದಿರಿ. ಎಲ್ಲಕ್ಕೂ ಬೆಲೆ ಕಟ್ಟುವ ನಾನು ಆ ಮಾತಿಗೆ ಕಟ್ಟಲು ಹೋಗಿಲ್ಲ.

ಒಂದು ವಿನಂತಿ. ನಾಳೆ ಪಂಪು ಚಾಲೂ ಮಾಡಿದಾಗ ಎಮ್ಮೆಗಳನ್ನು ಸ್ವಲ್ಪ ತಡೆಯಿರಿ. ಮೊದಲ ತಂಬಿಗೆ ನೀರು ನನಗೆ ಕೊಡಿ, ನಿಮ್ಮೆದುರಿಗೇ ಕುಡಿಯುತ್ತೇನೆ.

ನಿಮ್ಮ ಬೇಲಿಯಾಚೆಯ
ಮಲ್ಲೇಶ